ಹೆಸರು ಮೇಲೆ, ಸರಕು ಕೆಳಗೆ

ನನ್ನ ಹೆಸರು ಸಮನ್ವಿತಾ. ವಯಸ್ಸು ಇಪ್ಪತ್ತು. ಜಯನಗರದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಸಸ್ಯಶಾಸ್ತ್ರ ಮತ್ತು ರಸಾಯನಶಾಸ್ತ್ರ. ಮನೆ ಬನಶಂಕರಿ ಎರಡನೇ ಹಂತ. ಮನೆಯಲ್ಲಿ ಅಪ್ಪ ಸೋಮನಾಥ್, ಅಮ್ಮ, ಅಜ್ಜಿ ಕಮಲಾದೇವಿ, ನಾನು. ಆಸಕ್ತಿಗಳು ಎರಡು. ಒಂದು, ವಾಸನೆ ನೋಡುವುದು. ಇನ್ನೊಂದು, ಸೇಡು ತೀರಿಸಿಕೊಳ್ಳುವುದು.

ಎರಡನೆಯದನ್ನು ಫಾರಂನಲ್ಲಿ ಬರೆಯುವ ಹಾಗಿಲ್ಲ. ವಿಚಾರ ಸಂಕಿರಣದ ಪ್ರಬಂಧಗಳನ್ನು ಪುಸ್ತಕ ಮಾಡುವವರು ಫಾರಂ ಕಳಿಸಿದ್ದಾರೆ. ಪ್ರಬಂಧದ ಜೊತೆಗೆ ಲೇಖಕರ ಸ್ವಪರಿಚಯ ಬೇಕಂತೆ: ಕುಟುಂಬ, ವಿದ್ಯಾಭ್ಯಾಸ, ಆಸಕ್ತಿಗಳು, ಒಂದು ಪುಟ ಮೀರಬಾರದು. ಅವರಿಗೆ ಬೇಕಾದ ಒಂದು ಪುಟ ಬೇರೆ ಬರೆದು ಕಳಿಸಿದ್ದೇನೆ. ಆ ಪುಟದಲ್ಲಿ ಹಿಡಿಸದೆ ಉಳಿದದ್ದು ಇದು.

ನನಗೆ ಸ್ವಪರಿಚಯ ಅಂದರೆ ಮೈಯೆಲ್ಲ ಉರಿಯುತ್ತದೆ. ಅದಕ್ಕೆ ಕಾರಣ ಡಾಕ್ಟರ್ ಶಾಂತವೀರಪ್ಪ, ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರು. ಮೊದಲ ವರ್ಷದ ಮೊದಲ ಕ್ಲಾಸು. ಅರವತ್ತು ಜನ. ಒಬ್ಬೊಬ್ಬರೇ ಎದ್ದು ನಿಂತು ಹೆಸರು, ತಂದೆಯ ಕೆಲಸ, ಓದಿದ ಪಿಯು ಕಾಲೇಜು, ಹವ್ಯಾಸ ಹೇಳಬೇಕಿತ್ತು. ನನ್ನ ಮುಂದಿನವಳು ತಂದೆ ಬ್ಯಾಂಕ್ ಮ್ಯಾನೇಜರ್ ಅಂದಳು, ಮೇಷ್ಟ್ರು ತಲೆಯಾಡಿಸಿದರು. ನನ್ನ ಸರದಿ ಬಂತು.

"ಯಾವ ಕಡೆಯವ್ರಮ್ಮ?" ಅಂದರು.

"ಹೊಸದುರ್ಗದ ಕಡೆ ಸಾರ್. ತಾತನ ಕಾಲದಿಂದ ಇಲ್ಲೇ ಇದೀವಿ."

"ಓ, ನಮ್ಮ ಕಡೆಯವರೇ. ತಂದೆ ಏನ್ ಮಾಡ್ತಾರೆ?"

"ಬನಶಂಕರೀಲಿ ಗ್ರಂಥಿಗೆ ಅಂಗಡಿ ಸಾರ್."

"ಹವ್ಯಾಸ?"

ನಾನು ಪೆದ್ದಿ. ನಿಜ ಹೇಳಿದೆ. "ಬೇರು, ತೊಗಟೆ ವಾಸನೆ ನೋಡಿ ಯಾವ್ದು ಅಂತ ಹೇಳ್ತೀನಿ ಸಾರ್. ನಮ್ಮಜ್ಜಿ ಕಲಿಸಿದ್ರು."

ಕ್ಲಾಸಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರಿಗೆ ಅಷ್ಟೇ ಸಾಕಾಯಿತು. "ಹಾಗಾದ್ರೆ ಬಿ.ಎಸ್ಸಿ. ಯಾಕಮ್ಮ? ಶೀಗೆಕಾಯಿ ಪೊಟ್ಟಣ ಕಟ್ಟೋದಕ್ಕೆ ಡಿಗ್ರಿ ಬೇಕಾ? ಇಲ್ಲಿ ಮೈಕ್ರೋಸ್ಕೋಪ್ ಇದೆ, ಮೂಗು ಮನೇಲಿಟ್ಟು ಬಾ" ಅಂದರು. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವತ್ತಿನಿಂದ ನನ್ನ ಹೆಸರು ಶೀಗೆಕಾಯಿ. ಹುಡುಗರಿಗೆ ಶೀಗೆಕಾಯಿ, ಹುಡುಗಿಯರಿಗೆ ಶೀಗೆ. ಎರಡನೇ ವರ್ಷದ ಹೊತ್ತಿಗೆ ಮೇಷ್ಟ್ರೂ ಹಾಜರಿ ಕರೆಯುವಾಗ ಹಾಗೇ ಕರೆಯತೊಡಗಿದರು, ನಾನೂ "ಪ್ರೆಸೆಂಟ್ ಸಾರ್" ಅನ್ನುತ್ತಿದ್ದೆ. ಹಾಗೆ ಅಂದ ಒಂದೊಂದು ಸಲವೂ ನನಗೆ ನೆನಪಿದೆ.

ಈಗ ಅಂಗಡಿಯ ವಿಷಯ ಹೇಳಬೇಕು, ಯಾಕೆಂದರೆ ಎಲ್ಲ ನಡೆದದ್ದು ಅದರಿಂದ. ಗ್ರಂಥಿಗೆ ಅಂಗಡಿ ಎಂದರೆ ಬೇರು, ಬೀಜ, ತೊಗಟೆ, ಅಂಟವಾಳಕಾಯಿ, ಅಳಲೆಕಾಯಿ, ಬಾಣಂತಿ ಮದ್ದು, ಪೂಜೆಯ ವಿಭೂತಿ, ಎಲ್ಲ ಸಿಗುವ ಜಾಗ. ದೇವಸ್ಥಾನದ ಹಿಂದಿನ ರಸ್ತೆಯಲ್ಲಿ ನಮ್ಮದು ಹತ್ತಡಿ ಅಗಲದ ಅಂಗಡಿ. ನಮ್ಮ ತಾತ ಮರುಳಸಿದ್ದಪ್ಪ ತೆರೆದದ್ದು. ಒಳಗೆ ಗೋಡೆ ತುಂಬ ಮರದ ಖಾನೆಗಳು, ತೊಂಬತ್ತಾರು. ಒಂದೊಂದರ ಮುಖದ ಮೇಲೂ ಹೆಸರಿನ ಚೀಟಿ.

ಆ ಚೀಟಿಗಳನ್ನು ನಂಬಿದರೆ ಕೆಟ್ಟಿರಿ. ತಾತನ ಹತ್ತಿರ ಕೆಲಸ ಕಲಿತ ಇಬ್ಬರು, ಒಬ್ಬನಾದ ಮೇಲೆ ಒಬ್ಬ, ಸರಕು ಕದ್ದು ಎದುರು ರಸ್ತೆಯಲ್ಲೇ ಅಂಗಡಿ ಹಾಕಿದರಂತೆ. ತಾತನಿಗೆ ತಲೆ ಕೆಟ್ಟುಹೋಯಿತು. ಒಂದು ಭಾನುವಾರ ಅಂಗಡಿ ಮುಚ್ಚಿ, ಎಲ್ಲ ಖಾನೆಯ ಸರಕನ್ನೂ ಒಂದೊಂದು ಸಾಲು ಕೆಳಕ್ಕೆ ಇಳಿಸಿದರು. ಚೀಟಿಗಳನ್ನು ಇದ್ದಲ್ಲೇ ಬಿಟ್ಟರು. ಅಂದಿನಿಂದ ನಮ್ಮ ಮನೆಯ ಕಾನೂನು: ಹೆಸರು ಮೇಲೆ, ಸರಕು ಕೆಳಗೆ. ಹಿಪ್ಪಲಿ ಬೇಕೆಂದರೆ ಹಿಪ್ಪಲಿ ಎಂದು ಬರೆದ ಖಾನೆಯ ಕೆಳಗಿನ ಖಾನೆ ಎಳೆಯಬೇಕು. ಅಡಿಯ ಸಾಲಿನ ಹೆಸರಿಗೆ ಕೆಳಗೆ ಜಾಗವಿಲ್ಲವಲ್ಲ, ಅದರ ಸರಕು ಎಲ್ಲಕ್ಕಿಂತ ಮೇಲಿನ ತುದಿಯ ಖಾನೆಯಲ್ಲಿ. ಹೊರಗಿನವನು ಕದ್ದರೆ ತಪ್ಪು ಸರಕು ಕದಿಯುತ್ತಾನೆ. ಮನೆಯವರಿಗೆ ಇದು ಎಡಗೈ ಬಲಗೈ ಇದ್ದ ಹಾಗೆ. ನಾನು ಅಕ್ಷರ ಕಲಿತದ್ದೇ ಆ ಚೀಟಿಗಳಿಂದ, ಹಾಗಾಗಿ ಒಂದನೇ ಕ್ಲಾಸಿನ ಗೋಡೆಯ ಪಟದಲ್ಲಿ ಆನೆಯ ಹೆಸರನ್ನು ಅದರ ಕೆಳಗಿದ್ದ ಇಲಿಗೆ ಓದಿ ಏಟು ತಿಂದಿದ್ದೇನೆ.

ಅಜ್ಜಿಗೆ ಈ ಯಾವ ಚೀಟಿಯೂ ಬೇಡ. ನಾಲ್ಕನೇ ಕ್ಲಾಸು ಓದಿದ್ದಾರೆ, ಕಣ್ಣು ಈಗ ಮಂಜು. ಮೂಗು ಮಾತ್ರ ಮೂಗು. ಕತ್ತಿನಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಒಂದು ಬೇರಿನ ತುಂಡು, ಹೀಗೆ ಗಲ್ಲಾದ ಪಕ್ಕ ಕೂತು ಇಡೀ ಬನಶಂಕರಿಗೆ ಉತ್ತರ ಹೇಳುತ್ತಾರೆ.

ಎರಡನೇ ವರ್ಷದ ರಜೆಯಲ್ಲಿ ನನ್ನ ಪ್ರಾಜೆಕ್ಟು ಶುರುವಾಯಿತು. ಸೊಗದೇ ಬೇರು ನಿಮಗೆ ಗೊತ್ತಿರುತ್ತದೆ, ಬೇಸಿಗೆಯಲ್ಲಿ ಶರಬತ್ತು ಮಾಡುವ ಘಮಘಮ ಬೇರು. ಅದರ ಹೆಸರಿನಲ್ಲಿ ಜನ ನಿಜವಾಗಿ ಏನು ಕೊಳ್ಳುತ್ತಾರೆ ಎಂದು ನೋಡಬೇಕಿತ್ತು. ಜಯನಗರ ನಾಲ್ಕನೇ ಬ್ಲಾಕು, ಸಿದ್ದಾಪುರ, ಜೆ.ಪಿ. ನಗರ, ಅತ್ತ ಗೊಟ್ಟಿಗೆರೆಯವರೆಗೂ ಬಸ್ಸಿನಲ್ಲಿ ತಿರುಗಿದೆ. ಇಪ್ಪತ್ತೆರಡು ಕಡೆ ಬೇರು ಕೊಂಡೆ. ಪ್ರತಿಯೊಂದನ್ನೂ ಮೊದಲು ಅಜ್ಜಿ ಮೂಸಿದರು, ಆಮೇಲೆ ನಾನು ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದೆ, ಲ್ಯಾಬಿನಲ್ಲಿ ಪರೀಕ್ಷೆ ಮಾಡಿದೆ. ಅಜ್ಜಿಯ ಮೂಗು ಒಂದು ಸಲವೂ ತಪ್ಪಲಿಲ್ಲ. ಇಪ್ಪತ್ತೆರಡರಲ್ಲಿ ನಿಜವಾದ ಸೊಗದೇ ಬೇರು ಒಂಬತ್ತೇ. ಉಳಿದದ್ದು ಉಪ್ಪಿನಕಾಯಿಗೆ ಹಾಕುವ ಮಾಗಳಿ ಬೇರು, ಭೇದಿ ಮಾಡಿಸುವ ತಿಗಡೆ ಬೇರು, ವಾಸನೆಯೇ ಇಲ್ಲದ ಕರೀಹಂಬಿನ ಬೇರು.

ಆರು ತಿಂಗಳ ಕೆಲಸ ಅದು. ಬೆರಳಿಗೆ ಬ್ಲೇಡು ತಾಗಿದ ಗುರುತು ಈಗಲೂ ಇದೆ. ಸ್ಯಾಂಪಲ್‌ಗಳನ್ನು ಇಡಲು ಅಪ್ಪ ಅಟ್ಟದಿಂದ ತಾತನ ಮರದ ಪೆಟ್ಟಿಗೆ ಇಳಿಸಿಕೊಟ್ಟರು. ತಾತ ವೈದ್ಯರ ಮನೆಗಳಿಗೆ ಸರಕಿನ ನಮೂನೆ ಒಯ್ಯುತ್ತಿದ್ದ ಪೆಟ್ಟಿಗೆ. ಒಳಗೆ ನಾಲ್ಕು ಸಾಲು ಪುಟ್ಟ ಖಾನೆಗಳು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಮರುಳಸಿದ್ದಪ್ಪ ಅಂಡ್ ಸನ್ಸ್, ಬನಶಂಕರಿ. ನಾನು ಹಳೆಯ ಚೀಟಿ ಕಿತ್ತು ಹೊಸ ಚೀಟಿ ಅಂಟಿಸಿದೆ. ಅಜ್ಜಿ ಒಂದೊಂದೇ ಬೇರನ್ನು ಒಳಗಿಟ್ಟರು. ಹೇಗೆ ಇಟ್ಟರು ಎಂದು ಕೇಳಬೇಡಿ. ತಾತನ ಪೆಟ್ಟಿಗೆಗೆ ತಾತನ ಕಾನೂನು. ಬೇರೆ ಥರ ಇಡಬಹುದು ಎಂಬ ಯೋಚನೆಯೇ ನಮಗಿಬ್ಬರಿಗೂ ಬರಲಿಲ್ಲ.

ಪೆಟ್ಟಿಗೆಯನ್ನೂ ಟೈಪ್ ಮಾಡಿದ ಪ್ರಬಂಧವನ್ನೂ ಶಾಂತವೀರಪ್ಪನವರಿಗೆ ಕೊಟ್ಟೆ. ಅವರೇ ನನ್ನ ಗೈಡ್, ಬೇರೆ ದಾರಿ ಇರಲಿಲ್ಲ. "ಇಟ್ಟು ಹೋಗು, ನೋಡ್ತೀನಿ" ಅಂದರು. ಎರಡು ತಿಂಗಳು ನೋಡಿದರು. ಆಮೇಲೆ ಒಂದು ದಿನ ನೋಟಿಸ್ ಬೋರ್ಡಿನಲ್ಲಿ ನಮ್ಮ ಕಾಲೇಜಿನ ವಿಚಾರ ಸಂಕಿರಣದ ಆಹ್ವಾನ ಪತ್ರಿಕೆ ಕಂಡಿತು. ಮೂರನೇ ಸಾಲಿನಲ್ಲಿ ನನ್ನ ಪ್ರಬಂಧದ ತಲೆಬರಹ, ನಾನು ಬರೆದ ಅಷ್ಟೂ ಪದ, ಒಂದೂ ಆಚೀಚೆ ಇಲ್ಲ. ಅದರ ಮುಂದೆ: ಡಾ. ಶಾಂತವೀರಪ್ಪ. ಅಷ್ಟೇ.

ಸ್ಟಾಫ್ ರೂಮಿಗೆ ಹೋಗಿ ಕೇಳಿದೆ.

"ನನ್ನ ಹೆಸರು ಬರುತ್ತಲ್ವಾ ಸಾರ್?"

ಅವರು ಟಿಫಿನ್ ಡಬ್ಬಿಯಿಂದ ತಲೆ ಎತ್ತಲಿಲ್ಲ. "ಸ್ಟೂಡೆಂಟ್ಸ್ ಹೆಸರೆಲ್ಲ ಪೇಪರಲ್ಲಿ ಹಾಕಲ್ಲಮ್ಮ. ಕೊನೇಲಿ ಕೃತಜ್ಞತೆ ಅಂತ ಇರುತ್ತೆ. ಜಾಗ ಉಳಿದ್ರೆ ಒಂದು ಲೈನ್ ಹಾಕ್ತೀನಿ."

ಜಾಗ ಉಳಿದರೆ. ಮನೆಗೆ ಹೋಗುವಾಗ ಮೆಟ್ರೋದಲ್ಲಿ ಜಯನಗರದಿಂದ ಬನಶಂಕರಿಗೆ ಎರಡೇ ಸ್ಟೇಷನ್, ನಾನು ಅದೇ ಎರಡು ಪದ ಹಲ್ಲು ಕಚ್ಚಿ ಹೇಳಿಕೊಳ್ಳುತ್ತ ಕೊನೆಯ ಸ್ಟೇಷನ್ನಿನವರೆಗೂ ಹೋಗಿಬಿಟ್ಟಿದ್ದೆ. ಅತ್ತರೆ ಅಮ್ಮನಿಗೆ ಗೊತ್ತಾಗುತ್ತದೆಂದು ಅಳಲೂ ಇಲ್ಲ. ಪ್ರಿನ್ಸಿಪಾಲರಿಗೆ ದೂರು ಕೊಡಬಹುದಿತ್ತು, ಆದರೆ ಪ್ರಿನ್ಸಿಪಾಲರೂ ಅವರೂ ಒಂದೇ ಕಾರಿನಲ್ಲಿ ಕಾಲೇಜಿಗೆ ಬರುವವರು. ಕೆಲಸ ನನ್ನದೆಂದು ತೋರಿಸಲು ನನ್ನ ಹತ್ತಿರ ಏನಿತ್ತು? ನನ್ನ ಮಾತು, ಅಜ್ಜಿಯ ಮೂಗು.

ಸಂಕಿರಣಕ್ಕೆ ಇಪ್ಪತ್ತು ದಿನ ಇರುವಾಗ ನನ್ನನ್ನು ಲ್ಯಾಬಿಗೆ ಕರೆದರು. ಮೇಜಿನ ಮೇಲೆ ತಾತನ ಪೆಟ್ಟಿಗೆ ತೆರೆದಿತ್ತು. ಮೇಷ್ಟ್ರು ಮುಚ್ಚಳವಿರುವ ಗಾಜಿನ ಬಟ್ಟಲುಗಳ ಮೇಲೆ ಅಂದವಾಗಿ ಪ್ರಿಂಟ್ ಮಾಡಿಸಿದ ಹೆಸರು ಅಂಟಿಸಿ, ಖಾನೆಯ ಚೀಟಿ ನೋಡುತ್ತ, ಒಂದೊಂದರಿಂದ ಬೇರಿನ ಒಂದೆರಡು ತುಂಡು ತೆಗೆದು ತಾವೇ ತುಂಬಿಸುತ್ತಿದ್ದರು. ಸೊಗದೇ ಬೇರು ಎಂಬ ಖಾನೆಯಿಂದ ತೆಗೆದದ್ದು ಸೊಗದೇ ಬೇರಿನ ಬಟ್ಟಲಿಗೆ. ಅದು ಮೇಲಿನ ತುದಿಯ ಖಾನೆ, ಒಳಗಿದ್ದದ್ದು ಅಡಿಯ ಸಾಲಿನ ಸರಕು, ಕರೀಹಂಬು. ಮಾಗಳಿ ಎಂಬ ಖಾನೆಯಲ್ಲಿದ್ದ ನಿಜವಾದ ಸೊಗದೇ ಬೇರು ಮಾಗಳಿಯ ಬಟ್ಟಲಿಗೆ ಹೋಯಿತು. ಮೂಗಿನ ಕೆಳಗೇ ಘಮ್ಮೆನ್ನುತ್ತಿದೆ, ಮನುಷ್ಯನಿಗೆ ಗೊತ್ತಾಗುತ್ತಿಲ್ಲ. ಅವರ ಪಿಎಚ್‌ಡಿ ಪಾಚಿಯ ಮೇಲೆ. ನನ್ನ ಪ್ರಬಂಧವನ್ನು ಓದಿದ್ದರು, ಬೇರನ್ನು ಒಂದು ದಿನವೂ ಕೈಯಲ್ಲಿ ಹಿಡಿದಿರಲಿಲ್ಲ.

ನಾನು ಬಾಯಿ ತೆರೆದೆ. ನಿಜವಾಗಿ ತೆರೆದೆ. "ಸಾರ್, ಆ ಚೀಟಿ" ಅನ್ನುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದರು.

"ಶೀಗೆಕಾಯಿ, ನಿನ್ನ ತಲೆ ಓಡಿಸ್ಬೇಡ. ಅವತ್ತು ಈ ಪೆಟ್ಟಿಗೆ ಹೊತ್ಕೊಂಡು ಹಾಲಿಗೆ ಬಾ, ಅಷ್ಟೇ ನಿನ್ನ ಕೆಲಸ."

ನಾನು ಬಾಯಿ ಮುಚ್ಚಿದೆ. "ಆಯ್ತು ಸಾರ್" ಅಂದೆ. ಮೂರು ವರ್ಷದಲ್ಲಿ ಅಷ್ಟು ಮೆತ್ತಗೆ ನಾನು ಯಾವತ್ತೂ ಮಾತಾಡಿರಲಿಲ್ಲ. ಅವರು ಸಾಯಂಕಾಲದವರೆಗೂ ಬಟ್ಟಲು ತುಂಬಿಸಿದರು, ನಾನು ಒಂದೊಂದನ್ನೂ ಒರೆಸಿ ಹೊಳೆಯುವ ಹಾಗೆ ಮಾಡಿಕೊಟ್ಟೆ.

ಆ ಇಪ್ಪತ್ತು ದಿನ ನನಗೆ ಚೆನ್ನಾಗಿ ನಿದ್ದೆ ಬಂತು. ಊಟ ರುಚಿಸಿತು. ಅಮ್ಮ ನನ್ನ ಮುಖ ನೋಡಿ ಏನೋ ಒಳ್ಳೆಯದಾಗಿದೆ ಅಂದುಕೊಂಡರು. ಅಪ್ಪನಿಗೆ ಹೇಳಿದೆ: ಶುಕ್ರವಾರ ಅರ್ಧ ದಿನ ಅಂಗಡಿ ಮುಚ್ಚಿ, ಅಜ್ಜಿಯನ್ನು ಕರೆದುಕೊಂಡು ಕಾಲೇಜಿಗೆ ಬನ್ನಿ, ನಮ್ಮ ಬೇರುಗಳನ್ನು ತೋರಿಸುತ್ತಾರೆ. ನನ್ನ ಹೆಸರಿಲ್ಲ ಎಂದು ಹೇಳಲಿಲ್ಲ. ಆ ಮನುಷ್ಯ ಜನರ ಮುಂದೆ ಕೆಳಗೆ ಬೀಳುವುದನ್ನು ನನ್ನವರು ಕಣ್ಣಾರೆ ನೋಡಬೇಕಿತ್ತು. ಅಷ್ಟು ಕೆಟ್ಟ ಆಸೆ ನನ್ನದು, ಮುಚ್ಚಿಟ್ಟು ಏನು ಪ್ರಯೋಜನ.

ಶುಕ್ರವಾರ ಹಾಲು ತುಂಬಿತ್ತು. ಬೇರೆ ಕಾಲೇಜುಗಳ ಮೇಷ್ಟ್ರುಗಳು, ಆಯುರ್ವೇದದ ಡಾಕ್ಟರುಗಳು, ಅವರಲ್ಲಿ ನಾಲ್ಕೈದು ಜನ ನಮ್ಮ ಅಂಗಡಿಯ ಗಿರಾಕಿಗಳು. ಮುಖ್ಯ ಅತಿಥಿ ಡಾಕ್ಟರ್ ಚಕ್ರಪಾಣಿ, ಬಸವನಗುಡಿಯವರು, ಎಂಬತ್ತರ ಹತ್ತಿರ, ನಲವತ್ತು ವರ್ಷ ಗಿಡಮೂಲಿಕೆಗಳ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಅಜ್ಜಿಯ ಕೈ ಹಿಡಿದು ಬಂದು ಕೊನೆಯ ಸಾಲಿನಲ್ಲಿ ಕೂತರು. ನಾನು ಪೆಟ್ಟಿಗೆ ಹೊತ್ತು ತಂದು ವೇದಿಕೆಯ ಮೇಜಿನ ಮೇಲಿಟ್ಟು ಪಕ್ಕಕ್ಕೆ ನಿಂತೆ.

ಶಾಂತವೀರಪ್ಪ ಚೆನ್ನಾಗಿ ಮಾತಾಡಿದರು. ಮಾತು ನನ್ನದೇ ಅಲ್ಲವೇ. ತೆರೆಯ ಮೇಲೆ ನನ್ನ ಚಿತ್ರಗಳು, ನನ್ನ ಕೋಷ್ಟಕ. ಆಮೇಲೆ ಬಟ್ಟಲುಗಳ ತಟ್ಟೆ ಎತ್ತಿಕೊಂಡು ಚಕ್ರಪಾಣಿಯವರ ಮುಂದೆ ಹಿಡಿದರು. "ನೋಡಿ ಸಾರ್, ಇದು ಅಸಲಿ ಸೊಗದೇ ಬೇರು. ಇದು ಮಾಗಳಿ, ನಕಲಿ."

ಚಕ್ರಪಾಣಿ ಅಸಲಿಯನ್ನು ಮುರಿದು ಮೂಸಿದರು. ಮತ್ತೊಮ್ಮೆ ಮೂಸಿದರು. "ವಾಸನೆ ಇಲ್ವಲ್ರೀ."

"ಹಳೇ ಸ್ಟಾಕು ಸಾರ್, ಹೋಗಿರುತ್ತೆ."

ಅವರು ನಕಲಿಯನ್ನು ಎತ್ತಿಕೊಂಡರು. ಮುರಿದ ಕೂಡಲೇ ಘಮ ಮೊದಲ ಸಾಲಿನವರೆಗೂ ಬಂತು. "ಮಾಗಳಿ ಇಷ್ಟು ಸಣ್ಣಗಿರುತ್ತಾ? ಮಾಗಳಿ ಹೆಬ್ಬೆರಳು ಗಾತ್ರ ಇರುತ್ತಲ್ಲ. ಇದೇ ಕಣ್ರೀ ಸೊಗದೇ ಬೇರು. ನೀವು ಹಿಡ್ಕೊಂಡಿದೀರಲ್ಲ, ಅದು ಕರೀಹಂಬು. ಇದನ್ನೆಲ್ಲ ನೀವೇ ಕೊಯ್ದು ನೋಡಿದೀರಾ?"

ನನಗೆ ಸಂತೋಷವೋ ಸಂತೋಷ. ಮೂರು ವರ್ಷ ಕಾದ ಕ್ಷಣ ಅದು. ಶಾಂತವೀರಪ್ಪನವರ ಹಣೆಯಲ್ಲಿ ಬೆವರು ಒಡೆಯಿತು. ಅನುಭವಿಸಿ ಸಾರ್, ಅಂದುಕೊಂಡೆ.

ಆದರೆ ಆ ಮನುಷ್ಯನನ್ನು ನಾನು ಕಡಿಮೆ ಲೆಕ್ಕ ಹಾಕಿದ್ದೆ. ತಟ್ಟೆಯನ್ನು ಮೇಜಿನ ಮೇಲಿಟ್ಟವರೇ ಪೆಟ್ಟಿಗೆಯ ಮುಚ್ಚಳವನ್ನು ಎತ್ತಿ ಸಭೆಯ ಕಡೆ ತಿರುಗಿಸಿದರು.

"ಇದೇ ಸಾರ್ ನಾನು ಹೇಳ್ತಿರೋದು. ನೋಡಿ ಎಲ್ಲರೂ. ಬನಶಂಕರಿಯ ಗ್ರಂಥಿಗೆ ಅಂಗಡಿ ಪೆಟ್ಟಿಗೆ ಇದು. ಚೀಟಿ ಒಂದು, ಒಳಗಿರೋದು ಇನ್ನೊಂದು. ಒಬ್ಬ ಪಿಎಚ್‌ಡಿ ಮಾಡಿದೋನಿಗೇ ಹೀಗೆ ಟೋಪಿ ಹಾಕ್ತಾರೆ ಅಂದ್ರೆ, ಪಾಪ, ಜನಸಾಮಾನ್ಯರ ಗತಿ ಏನು?"

ಸಭೆಯಲ್ಲಿ ಗುಸುಗುಸು ಎದ್ದಿತು. ನಮ್ಮ ಗಿರಾಕಿಯಾದ ಒಬ್ಬ ಡಾಕ್ಟರು ಎದ್ದು ನಿಂತು ಮುಚ್ಚಳದ ಫೋಟೋ ತೆಗೆದರು. ಇನ್ನೂ ಇಬ್ಬರು ತೆಗೆದರು. ನಾನು ಹಿಂದಿನ ಸಾಲು ನೋಡಿದೆ. ಅಪ್ಪ ಎದ್ದು ನಿಂತಿದ್ದರು. ಐವತ್ತು ವರ್ಷದಲ್ಲಿ ಒಂದು ಪೊಟ್ಟಣ ಸುಳ್ಳು ಕಟ್ಟದ ಅಂಗಡಿ. ಅದರ ಹೆಸರನ್ನು ಹೊತ್ತು ತಂದು ಆ ಮೇಜಿನ ಮೇಲಿಟ್ಟವಳು ನಾನು. ಇಪ್ಪತ್ತು ದಿನ ಎಲ್ಲ ಯೋಚಿಸಿದ್ದೆ, ಮುಚ್ಚಳವನ್ನು ಯೋಚಿಸಿರಲಿಲ್ಲ.

"ಸಾರ್" ಅಂದೆ. ಯಾರಿಗೂ ಕೇಳಿಸಲಿಲ್ಲ. ಮೈಕಿನ ಹತ್ತಿರ ಹೋಗಿ ಇನ್ನೊಮ್ಮೆ ಅಂದೆ.

"ನೀನು ಕೂತ್ಕೋ" ಅಂದರು ಶಾಂತವೀರಪ್ಪ.

"ಇರಿ, ಮಾತಾಡ್ಲಿ" ಅಂದರು ಚಕ್ರಪಾಣಿ. "ಯಾರಮ್ಮ ನೀನು? ಮೊದ್ಲು ನಿನ್ನ ಪರಿಚಯ ಹೇಳು."

ಮತ್ತೆ ಅದೇ. ಅದೇ ಮೇಷ್ಟ್ರ ಮುಂದೆ, ಅದೇ ಪ್ರಶ್ನೆ. ಮೈಕನ್ನು ನನ್ನ ಎತ್ತರಕ್ಕೆ ಇಳಿಸಿಕೊಂಡೆ.

"ನನ್ನ ಹೆಸರು ಸಮನ್ವಿತಾ ಸಾರ್. ಶೀಗೆಕಾಯಿ ಅಲ್ಲ. ಆ ಮುಚ್ಚಳದ ಮೇಲಿರೋದು ನಮ್ಮ ತಾತನ ಹೆಸರು. ಹಿಂದೆ ಬಿಳೀ ಅಂಗಿ ಹಾಕ್ಕೊಂಡು ನಿಂತಿದಾರಲ್ಲ, ಅವರು ನಮ್ಮಪ್ಪ. ಪಕ್ಕದಲ್ಲಿ ಕೂತಿರೋರು ನಮ್ಮಜ್ಜಿ. ನಾನು ಬಿ.ಎಸ್ಸಿ. ಮೂರನೇ ವರ್ಷ. ಇಪ್ಪತ್ತೆರಡು ಕಡೆ ಬೇರು ತಂದಿದ್ದು ನಾನು, ಕೊಯ್ದಿದ್ದು ನಾನು, ತೆರೆ ಮೇಲಿರೋ ಎಲ್ಲಾ ಚಿತ್ರ ನಂದು. ಪೆಟ್ಟಿಗೆ ಚೀಟಿ ಬರೆದಿದ್ದೂ ನಾನೇ. ಒಂದೂ ತಪ್ಪಿಲ್ಲ. ನಮ್ಮ ಮನೇಲಿ ಹೆಸರು ಮೇಲಿರುತ್ತೆ, ಸರಕು ಅದರ ಕೆಳಗಿನ ಖಾನೇಲಿರುತ್ತೆ. ಅಡಿ ಸಾಲಿಂದು ಮೇಲಿನ ತುದೀಲಿರುತ್ತೆ. ಕಳ್ಳರಿಗೆ ಅಂತ ನಮ್ಮ ತಾತ ಮಾಡಿದ್ದು. ನೀವೇ ತೆಗೆದು ನೋಡಿ ಸಾರ್."

ಕಳ್ಳರಿಗೆ ಅಂದಾಗ ಹಿಂದಿನಿಂದ ಯಾರೋ ನಕ್ಕರು. ಚಕ್ರಪಾಣಿ ಕನ್ನಡಕ ಏರಿಸಿಕೊಂಡು ಪೆಟ್ಟಿಗೆಯ ಮೇಲೆ ಬಗ್ಗಿದರು. ಒಂದು ಖಾನೆ, ಅದರ ಕೆಳಗಿನದು, ಆಮೇಲಿನದು. ತುಂಬ ಹೊತ್ತು ನೋಡಿದರು. "ಸರಿಯಾಗಿದೆ" ಅಂದರು. "ಎಲ್ಲಾ ಸರಿಯಾಗಿದೆ. ನಿನ್ನ ಹವ್ಯಾಸ ಏನಮ್ಮ?"

"ವಾಸನೆ ನೋಡೋದು ಸಾರ್. ಆದ್ರೆ ನಂದೇನೂ ದೊಡ್ಡದಲ್ಲ. ನಮ್ಮಜ್ಜೀನ ಕರೀರಿ."

ಅಪ್ಪ ಅಜ್ಜಿಯನ್ನು ಕೈಹಿಡಿದು ಮುಂದೆ ಕರೆತಂದರು. ಕುರ್ಚಿ ಹಾಕಿದರು. ಅಜ್ಜಿ ಕರಡಿಗೆಯನ್ನೊಮ್ಮೆ ಮುಟ್ಟಿಕೊಂಡು ಅಂಗೈ ಚಾಚಿದರು. ಚಕ್ರಪಾಣಿ ಒಂದೊಂದೇ ತುಂಡು ಇಟ್ಟರು. ಅಜ್ಜಿ ಉಗುರಿನಿಂದ ಕೆರೆದು ಮೂಗಿಗೆ ಹಿಡಿದರು. "ಸೊಗದೇ ಬೇರು. ಇದು ಮಾಗಳಿ. ಇದು ತಿಗಡೆ, ಮಕ್ಕಳ ಕೈಗೆ ಕೊಡಬೇಡ್ರಪ್ಪ. ಇದು ಕರೀಹಂಬು." ಐದನೆಯದನ್ನು ಎರಡು ಸಲ ಮೂಸಿದರು. "ಇದು ಜೇಷ್ಠಮಧು. ನಮ್ಮಂಗಡೀದಲ್ಲ ಸ್ವಾಮಿ, ನಿಮ್ಮ ಜೇಬಿಂದು. ನಶ್ಯದ ಡಬ್ಬಿ ಜೊತೆ ಇಟ್ಕೊಂಡಿದೀರಿ."

ಇಡೀ ಹಾಲು ನಕ್ಕಿತು, ಚಕ್ರಪಾಣಿ ಎಲ್ಲರಿಗಿಂತ ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಇನ್ನೊಂದು ತುಂಡು ತೆಗೆದುಕೊಂಡರು. "ಶಾಂತವೀರಪ್ಪನವರೇ, ಒಂದು ನೀವೂ ಹೇಳಿ" ಎಂದು ಅವರ ಕೈಗಿಟ್ಟರು.

ಶಾಂತವೀರಪ್ಪ ಅದನ್ನು ಮೂಗಿನ ಹತ್ತಿರ ಒಯ್ದರು. ಅರವತ್ತು ವಿದ್ಯಾರ್ಥಿಗಳು, ನೂರು ಅತಿಥಿಗಳು ನೋಡುತ್ತಿದ್ದರು. ಮೂರು ವರ್ಷದ ಹಿಂದೆ ಮನೆಯಲ್ಲಿಟ್ಟು ಬಾ ಅಂದಿದ್ದರಲ್ಲ, ಆ ಮೂಗು ಅವತ್ತು ಅವರಿಗೆ ಬೇಕಿತ್ತು. ಅವರು ತುಂಡನ್ನು ತಟ್ಟೆಯಲ್ಲಿಟ್ಟು ನನ್ನ ಕಡೆ ತಿರುಗಿದರು, ಧ್ವನಿ ಇಳಿದುಹೋಗಿತ್ತು.

"ಗೊತ್ತಿದ್ರೆ ಮೊದಲೇ ಯಾಕ್ ಹೇಳ್ಲಿಲ್ಲ?"

"ಪೆಟ್ಟಿಗೆ ಹೊರೋದಷ್ಟೇ ನಿನ್ನ ಕೆಲಸ ಅಂದ್ರಲ್ಲ ಸಾರ್. ಹೊತ್ಕೊಂಡು ಬಂದೆ."

ಇದನ್ನು ಮೈಕಿನಲ್ಲೇ ಹೇಳಿದೆ. ಬೇಕೆಂದೇ ಹೇಳಿದೆ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನಾಲಿಗೆ ಸಿಹಿಯಾಗುತ್ತದೆ.

ಮನೆಗೆ ಆಟೋದಲ್ಲಿ ಹೋದೆವು. ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಅಪ್ಪ ಹೊಗಳುತ್ತಾರೆಂದು ಕಾದೆ. ಅವರು ಮುಚ್ಚಳದ ಮೇಲಿನ ಹೆಸರನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದರು.

"ನಿಂಗೆ ಯಾವಾಗಿಂದ ಗೊತ್ತಿತ್ತು?" ಅಂದರು ರಾಗಿಗುಡ್ಡ ದಾಟಿದ ಮೇಲೆ.

"ಇಪ್ಪತ್ತು ದಿನದಿಂದ."

"ಆ ಇಪ್ಪತ್ತು ದಿನ ನನ್ ಜೊತೆ ಕೂತು ಊಟ ಮಾಡಿದೀಯ."

ಮುಚ್ಚಳದ ಫೋಟೋ ಆಗಲೇ ವೈದ್ಯರ ವಾಟ್ಸಾಪ್ ಗುಂಪಿಗೆ ಹೋಗಿತ್ತು, ಮುಂದಿನ ಕಥೆ ಹೋಗಿರಲಿಲ್ಲ. ಮಾರನೆಯ ದಿನ ಜೆ.ಪಿ. ನಗರದ ಇಬ್ಬರು ಹಳೆಯ ಗಿರಾಕಿಗಳು ಪೊಟ್ಟಣ ವಾಪಸು ತಂದು ಗಲ್ಲಾದ ಮೇಲಿಟ್ಟು ಹೋದರು. ಅಪ್ಪ ಅದನ್ನು ಬಿಚ್ಚಿ ಖಾನೆಗೆ ಸುರಿಯುತ್ತಿದ್ದಾಗ ಅವರ ಬೆನ್ನು ನೋಡುತ್ತ ನಿಂತಿದ್ದೆ. ಅದು ನನ್ನ ಸೇಡಿನ ಲೆಕ್ಕದಲ್ಲಿ ಇರಲಿಲ್ಲ. ಚಕ್ರಪಾಣಿಯವರು ತಾವೇ ಆ ಗುಂಪಿಗೆ ಉದ್ದನೆಯ ಪತ್ರ ಬರೆದು ಎಲ್ಲ ವಿವರಿಸಿದ ಮೇಲೆ ಒಬ್ಬರು ಮತ್ತೆ ಬಂದರು. ಇನ್ನೊಬ್ಬರು ಇವತ್ತಿನವರೆಗೂ ಬಂದಿಲ್ಲ. ಬರುವ ಬೇರೆಯವರಲ್ಲೂ ಕೆಲವರು ಈಗ, "ಇದು ಸರಿಯಾದ್ದೇ ತಾನೇ?" ಎಂದು ಒಮ್ಮೆ ಕೇಳಿಯೇ ಪೊಟ್ಟಣ ಹಿಡಿಯುತ್ತಾರೆ. ಅಪ್ಪ ಪ್ರತಿಸಲವೂ ಬೇರನ್ನು ಮುರಿದು ಅವರ ಮೂಗಿಗೆ ಹಿಡಿಯುತ್ತಾರೆ.

ಗುಟ್ಟು ಇಡೀ ಊರಿಗೆ ಗೊತ್ತಾಯಿತು. ಭಾನುವಾರ ಅಪ್ಪ ಅಂಗಡಿ ಮುಚ್ಚಿ, ತೊಂಬತ್ತಾರು ಹೊಸ ಚೀಟಿ ನೀನೇ ಬರಿ, ಸರಿಯಾದ ಖಾನೆಗೇ ಅಂಟಿಸು ಅಂದರು. ಅದೇ ನನಗೆ ಅವರು ಕೊಟ್ಟ ಶಿಕ್ಷೆ. ಬೆಳಿಗ್ಗೆಯಿಂದ ಬರೆದೆ. ಅಪ್ಪ ಕಾಫಿಗೆ ಎದ್ದು ಹೋದಾಗ ಅಜ್ಜಿ ನನ್ನನ್ನು ಹತ್ತಿರ ಕರೆದರು.

"ಸರಿಯಾದ ಖಾನೆಗೆ ಅಂಟಿಸ್ತೀಯಾ ಕೂಸೇ?"

"ಅಪ್ಪ ಹಂಗೇ ಹೇಳಿದಾರಜ್ಜಿ."

"ಮೂರನೇ ಕಳ್ಳನೂ ಬಂದು ಹೋದ. ನಾಲ್ಕನೇಯೋನು ಬರಲ್ಲ ಅಂತ ಯಾರು ಹೇಳಿದ್ರು? ಈ ಸಲ ಪಕ್ಕಕ್ಕೆ ಸರಿಸು. ಎಡಕ್ಕೋ ಬಲಕ್ಕೋ, ನಾನು ನಿಮ್ಮಪ್ಪನಿಗೆ ಹೇಳ್ಕೋತೀನಿ."

ಸೇಡಿನ ಆಸಕ್ತಿ ನನಗೆ ಎಲ್ಲಿಂದ ಬಂತೆಂದು ಅವತ್ತು ಗೊತ್ತಾಯಿತು. ಪಕ್ಕಕ್ಕೆ ಸರಿಸಿದ್ದೇನೆ. ಯಾವ ಪಕ್ಕಕ್ಕೆ ಎಂದು ಇಲ್ಲಿ ಬರೆಯುವುದಿಲ್ಲ.

ಕಾಲೇಜಿನಲ್ಲಿ ವಿಚಾರಣೆ ನಡೆದು ಪ್ರಬಂಧ ನನ್ನ ಹೆಸರಿಗೆ ಬಂತು. ಶಾಂತವೀರಪ್ಪನವರು ಈಗಲೂ ಪಾಠ ಮಾಡುತ್ತಾರೆ. ಹಾಜರಿ ಕರೆಯುವಾಗ ನನ್ನ ಪೂರ್ತಿ ಹೆಸರು ಹೇಳುತ್ತಾರೆ, ತಲೆ ಎತ್ತುವುದಿಲ್ಲ. ಹೋದ ವಾರ ಕಾರಿಡಾರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. ಪ್ರಬಂಧ ಅಚ್ಚಿಗೆ ಹೋಗುತ್ತಿದೆಯಂತಲ್ಲ, ಗೈಡ್ ಅಂತ ತಮ್ಮ ಹೆಸರು ಇದ್ದರೆ ಪ್ರಮೋಷನ್‌ಗೆ ಅನುಕೂಲ, ಕೊನೆಗೆ ಕೃತಜ್ಞತೆಯಲ್ಲಾದರೂ ಹಾಕು ಎಂದು ಕೇಳಿದರು. ತುಂಬ ಮೆತ್ತಗೆ ಕೇಳಿದರು. ಆ ಧ್ವನಿ ನನಗೆ ಚೆನ್ನಾಗಿ ಗೊತ್ತು, ಇಪ್ಪತ್ತು ದಿನ ನಾನು ಅದರಲ್ಲೇ ಮಾತಾಡಿದ್ದೆ.

"ನೋಡ್ತೀನಿ ಸಾರ್" ಅಂದೆ.

ನೋಡಿದ್ದೇನೆ. ಫಾರಂನಲ್ಲಿ ಮಾರ್ಗದರ್ಶಕರು ಎಂಬ ಕಡೆ ಕಮಲಾದೇವಿ ಎಂದು ತುಂಬಿದ್ದೇನೆ, ವಿದ್ಯಾರ್ಹತೆ ನಾಲ್ಕನೇ ತರಗತಿ. ಕೃತಜ್ಞತೆಯಲ್ಲಿ ಅಪ್ಪನ ಹೆಸರು, ಅಮ್ಮನ ಹೆಸರು, ಚಕ್ರಪಾಣಿಯವರ ಹೆಸರು. ಅದರ ಕೆಳಗೆ ಸರಿಯಾಗಿ ಒಂದು ಸಾಲಿನ ಜಾಗ ಉಳಿದಿತ್ತು. ಅದನ್ನು ಖಾಲಿ ಬಿಟ್ಟು ಕಳಿಸಿದ್ದೇನೆ.